ವಿದೇಶದಲ್ಲಿ ಸೇವೆ ಸಲ್ಲಿಸುವ ಸರ್ಕಾರಿ ನೌಕರರ ಮಕ್ಕಳ ಪೌರತ್ವ

ಭಾರತದ ಹೊರಗೆ ಜನಿಸಿದ ಮಕ್ಕಳ ವಂಶಾನುಗತ ಪೌರತ್ವಕ್ಕೆ ಪೌರತ್ವ ಅಧಿನಿಯಮ, 1955ರ 4ನೇ ಪ್ರಕರಣವು ಅನ್ವಯಿಸುತ್ತದೆ. ಅರ್ಹತೆಯು ಮಗುವಿನ ಜನ್ಮ ದಿನಾಂಕವನ್ನು ಅವಲಂಬಿಸಿರುತ್ತದೆ.

ಜನ್ಮ ದಿನಾಂಕವಾರು ಅರ್ಹತೆ

1. 26-1-1950 ರಿಂದ 9-12-1992 ರವರೆಗೆ: ಜನನ ಕಾಲದಲ್ಲಿ ತಂದೆಯು ಭಾರತದ ಪೌರನಾಗಿರತಕ್ಕದ್ದು.

2. 10-12-1992 ರಿಂದ 2-12-2004 ರವರೆಗೆ: ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಭಾರತದ ಪೌರರಾಗಿದ್ದರೆ ಸಾಕು.

3. 3-12-2004 ಮತ್ತು ಅನಂತರ: ಮೇಲಿನ 2ನೇ ಅರ್ಹತೆಯ ಜೊತೆಗೆ, ಜನನವನ್ನು ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸುವುದು ಕಡ್ಡಾಯ. ಅವಧಿ ಮೀರಿದಲ್ಲಿ ಕೇಂದ್ರ ಸರ್ಕಾರದ ಅನುಮತಿ ಅಗತ್ಯ.

ಸರ್ಕಾರಿ ನೌಕರರಿಗೆ ಇದ್ದ ವಿನಾಯಿತಿ

ಮೊದಲ ಎರಡು ಅವಧಿಗಳಲ್ಲಿ, ಪೌರತ್ವ ನೀಡುವ ತಂದೆ ಅಥವಾ ತಾಯಿ ಸ್ವತಃ ವಂಶಾನುಗತ ಪೌರರಾಗಿದ್ದರೆ ಮಾತ್ರ ದೂತಾವಾಸದ ನೋಂದಣಿ ಬೇಕಾಗಿತ್ತು. ಜನನ ಕಾಲದಲ್ಲಿ ಅವರು ಭಾರತದಲ್ಲಿನ ಸರ್ಕಾರದ ಸೇವೆಯಲ್ಲಿದ್ದಲ್ಲಿ ಆ ನೋಂದಣಿಯೂ ಬೇಕಿರಲಿಲ್ಲ. ಕೇಂದ್ರ ಹಾಗೂ ರಾಜ್ಯ ಸರ್ಕಾರಗಳೆರಡೂ ಇದರಲ್ಲಿ ಸೇರುತ್ತವೆ. ಆದ್ದರಿಂದ ಕರ್ನಾಟಕ ಸರ್ಕಾರದ ನೌಕರರಿಗೂ ಇದು ಅನ್ವಯವಾಗುತ್ತಿತ್ತು.

3-12-2004 ರಿಂದ ಜಾರಿಗೆ ಬಂದ ತಿದ್ದುಪಡಿಯ ಷರತ್ತಿನಲ್ಲಿ ಇಂತಹ ವಿನಾಯಿತಿ ಇಲ್ಲ. ನಿಯೋಜನೆಯ ಆದೇಶವಾಗಲಿ, ವಿದೇಶದ ಸ್ಥಳೀಯ ಸಂಸ್ಥೆ ನೀಡುವ ಜನನ ಪ್ರಮಾಣಪತ್ರವಾಗಲಿ ದೂತಾವಾಸದ ನೋಂದಣಿಗೆ ಬದಲಾಗುವುದಿಲ್ಲ.

ನೋಂದಣಿಯ ಮಹತ್ವ

ಅಮೆರಿಕದಲ್ಲಿ ಜನಿಸಿದ ಮಕ್ಕಳಿಗೆ ಸಾಮಾನ್ಯವಾಗಿ ಆ ದೇಶದ ಪೌರತ್ವ ದೊರೆಯುತ್ತದೆ. ಆದರೆ ಪೂರ್ಣ ರಾಜತಾಂತ್ರಿಕ ರಕ್ಷಣೆ ಪಡೆದ ವಿದೇಶಿ ಅಧಿಕಾರಿಗಳ ಮಕ್ಕಳಿಗೆ ಅದು ದೊರೆಯುವುದಿಲ್ಲ. ಅಂತಹ ಮಗುವಿನ ಜನನವನ್ನು ಭಾರತೀಯ ದೂತಾವಾಸದಲ್ಲಿಯೂ ನೋಂದಾಯಿಸದಿದ್ದರೆ, ಮಗು ಯಾವ ದೇಶದ ಪೌರತ್ವವೂ ಇಲ್ಲದೆ ಉಳಿಯುವ ಸಂಭವವಿದೆ.

ಅರ್ಜಿ ಸಲ್ಲಿಸುವ ವಿಧಾನ

* ಪೌರತ್ವ ನಿಯಮಗಳು, 2009ರ ನಮೂನೆ 1ರಲ್ಲಿ ಭಾರತೀಯ ದೂತಾವಾಸಕ್ಕೆ ಅರ್ಜಿ ಸಲ್ಲಿಸತಕ್ಕದ್ದು.
* ಮಗುವು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ತಂದೆತಾಯಿಯರು ಲಿಖಿತವಾಗಿ ಘೋಷಿಸತಕ್ಕದ್ದು. ಈ ಘೋಷಣೆಯಿಲ್ಲದೆ ನೋಂದಣಿ ಮಾಡಲಾಗುವುದಿಲ್ಲ. ಆದುದರಿಂದ ಬೇರೆ ದೇಶದ ಪಾಸ್‌ಪೋರ್ಟ್ ಪಡೆಯುವ ಮುನ್ನ ಈ ಅಂಶವನ್ನು ಗಮನಿಸುವುದು.
* ಮಗುವಿನ ಜನನ ಪ್ರಮಾಣಪತ್ರ ಮತ್ತು ತಂದೆತಾಯಿಯರ ಪಾಸ್‌ಪೋರ್ಟ್ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.
* ವರ್ಗಾವಣೆಯ ಮೇಲೆ ಸ್ವದೇಶಕ್ಕೆ ಮರಳುವ ನೌಕರರು ಹೊರಡುವ ಮುನ್ನವೇ ನೋಂದಣಿ ಪೂರ್ಣಗೊಳಿಸುವುದು ಸೂಕ್ತ. ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗಳಲ್ಲಿ ಈ ನೋಂದಣಿ ಸೌಲಭ್ಯವಿಲ್ಲ.

ಪ್ರಾಪ್ತ ವಯಸ್ಸಿನ ನಂತರ

ಅಪ್ರಾಪ್ತ ವಯಸ್ಸಿನಲ್ಲಿ ಬೇರೆ ದೇಶದ ಪೌರತ್ವವನ್ನೂ ಹೊಂದಿರುವವರು 18 ವರ್ಷ ತುಂಬಿದ 6 ತಿಂಗಳೊಳಗೆ ಅದನ್ನು ತ್ಯಜಿಸತಕ್ಕದ್ದು. ತಪ್ಪಿದಲ್ಲಿ ಭಾರತದ ಪೌರತ್ವವು ಕೊನೆಗೊಳ್ಳುತ್ತದೆ.