ಗೋವಾ: ಬಾಲ ನ್ಯಾಯ ಮಂಡಳಿಯ ಮುಂದೆ ನಿಂತ ಮಗುವಿಗೆ ವಕೀಲರು ಸಿಗುವುದು ಹೇಗೆ?

ಪಣಜಿ: ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳಿಂದ ದುಡಿಯಲು ಬಂದ ಕನ್ನಡ ಕುಟುಂಬಗಳು ವಾಸ್ಕೋ, ಮಡಗಾಂವ್, ಮಾಪುಸಾ ಸುತ್ತಮುತ್ತ ಸಾಕಷ್ಟಿವೆ. ಇಂಥ ಮನೆಯ ಹುಡುಗನನ್ನು ಪೊಲೀಸರು ಕರೆದೊಯ್ದರೆ ಹೆತ್ತವರು ಮೊದಲು ಓಡುವುದು ಸಾಲಕ್ಕೆ. ಆದರೆ ಹದಿನೆಂಟು ತುಂಬದ ಮಗುವಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ. ಅದಕ್ಕಿಂತ ತುರ್ತಾಗಿ ಬೇಕಾದದ್ದು ಊರಿನ ಶಾಲೆಯ ಒಂದು ಕಾಗದ.

ವಯಸ್ಸಿನ ದಾಖಲೆ: 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಶಾಲೆ ನೀಡಿದ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರಕ್ಕೆ ಮೊದಲ ಮಾನ್ಯತೆ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ. ಕೆಲಸಕ್ಕಾಗಿ ವಯಸ್ಸು ಹೆಚ್ಚು ಹೇಳಿದ ಹುಡುಗ ವಯಸ್ಕರ ಜೈಲು ಸೇರುವ ಅಪಾಯವಿರುವುದರಿಂದ ಈ ದಾಖಲೆಯನ್ನು ಊರಿನಿಂದ ಕೂಡಲೇ ತರಿಸಬೇಕು.

ಮೊದಲ ದಿನ: ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು; ಹೆತ್ತವರಿಗೆ ತಿಳಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜಸೇವಕರಿರುತ್ತಾರೆ. ಜಾಮೀನು ಕೊಡುವುದು ಇಲ್ಲಿ ಸಾಮಾನ್ಯ ನಿಯಮ. ನಿರಾಕರಿಸಿದರೆ ಮಂಡಳಿ ಕಾರಣ ಬರೆಯಬೇಕು. ಜಾಮೀನು ಸಿಗದ ಮಕ್ಕಳನ್ನು ಜೈಲಿಗಲ್ಲ, ವೀಕ್ಷಣಾಲಯಕ್ಕೆ ಕಳುಹಿಸಲಾಗುತ್ತದೆ. ಪಣಜಿ ಸಮೀಪದ ಮೆರ್ಸೆಸ್‌ನಲ್ಲಿರುವ ಸರ್ಕಾರಿ ‘ಅಪ್ನಾ ಘರ್’ ಇಂಥದ್ದು.

ವಕೀಲರಿಗಾಗಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಕ್ಕಳಿಗೆ ಕುಟುಂಬದ ಆದಾಯ ನೋಡದೆ ಉಚಿತ ನೆರವು ಕೊಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಇಲ್ಲವೇ ಮಂಡಳಿಯ ಮುಂದೆಯೇ ಕೇಳಬಹುದು. ಹೀಗೆ ನೇಮಕಗೊಂಡ ವಕೀಲರು ಕುಟುಂಬದಿಂದ ಹಣ ಪಡೆಯುವಂತಿಲ್ಲ. ಕೊಂಕಣಿ, ಮರಾಠಿ, ಇಂಗ್ಲಿಷ್ ಬಾರದ ಮಗುವಿಗೆ ದುಭಾಷಿಯನ್ನು ಒದಗಿಸುವುದು ಮಂಡಳಿಯ ಹೊಣೆ. ಕನ್ನಡ ದುಭಾಷಿ ಬೇಕೆಂದು ಮೊದಲ ದಿನವೇ ಹೇಳುವುದು ಒಳ್ಳೆಯದು.

ಖಾಸಗಿ ವಕೀಲರನ್ನು ಇಡುವವರು ಅವರು ಬಾಲ ನ್ಯಾಯ ಮಂಡಳಿಯಲ್ಲಿ ಪ್ರಕರಣ ನಡೆಸಿದ್ದಾರೆಯೇ ಎಂದು ವಿಚಾರಿಸಿ, ಶುಲ್ಕಕ್ಕೆ ರಶೀದಿ ಪಡೆಯಬೇಕು. 2003ರ ಗೋವಾ ಮಕ್ಕಳ ಕಾಯ್ದೆಯ ಮಕ್ಕಳ ನ್ಯಾಯಾಲಯ ಮುಖ್ಯವಾಗಿ ಮಕ್ಕಳ ಮೇಲಿನ ಅಪರಾಧಗಳನ್ನು ವಿಚಾರಿಸುತ್ತದೆ. ಅದು ಬೇರೆ, ಮಂಡಳಿ ಬೇರೆ.

ಎಚ್ಚರ: ‘ಒಪ್ಪಿಕೊಂಡುಬಿಡು, ಬೇಗ ಮುಗಿಯುತ್ತದೆ’ ಎಂಬ ಮಾತಿಗೆ ವಕೀಲರನ್ನು ಕಾಣುವ ಮೊದಲು ತಲೆಯಾಡಿಸಬಾರದು. ಹದಿನಾರು ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಂಡಳಿ ಪ್ರಾಥಮಿಕ ಪರಿಶೀಲನೆ ನಡೆಸಿ, ವಯಸ್ಕರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಅನುಭವಿ ವಕೀಲರ ಅಗತ್ಯ ಹೆಚ್ಚಾಗಿ ಬೀಳುವುದು ಇಲ್ಲಿಯೇ. ಮಂಡಳಿಯೇ ತೀರ್ಮಾನಿಸುವ ಪ್ರಕರಣಗಳಲ್ಲಿ ವಿಶೇಷ ಗೃಹದ ವಾಸ ಗರಿಷ್ಠ ಮೂರು ವರ್ಷ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಮಗುವಿನ ಹೆಸರು, ಫೋಟೋ, ಶಾಲೆಯ ವಿವರ ಪ್ರಕಟಿಸುವುದು ಅಪರಾಧ. ನೆಂಟರ ವಾಟ್ಸಾಪ್ ಗುಂಪಿನಲ್ಲೂ ಅವನ್ನು ಹಂಚಬಾರದು. ನಾಳೆ ಮತ್ತೆ ಶಾಲೆಗೆ ಹೋಗಬೇಕಾದದ್ದು ಅದೇ ಮಗು.