ಕೂರಿಗೆ ಹೊಲ, ಜೋಡೆತ್ತು



ಜತ್ತ, ಅಕ್ಕಲಕೋಟ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರದ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಎಂಬತ್ತು ದಾಟಿದ ಹಿರಿಯರನ್ನು ಕಂಡು, "ಅಜ್ಜಾ, ನಿಮ್ಮದು ಎಷ್ಟು ಹೊಲ?" ಎಂದು ಕೇಳಿ ನೋಡಿ. "ಎರಡು ಕೂರಿಗಿ" ಎಂದು ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಕೂರಿಗೆ ಎಂದರೆ ಬಿತ್ತುವ ಸಾಧನ. ಮರಾಠಿಯಲ್ಲಿ ಅದಕ್ಕೆ ಪಾಭರ ಎನ್ನುತ್ತಾರೆ. ಆದರೆ ನಮ್ಮವರಿಗೆ ಅದು ಹೊಲದ ಅಳತೆಯೂ ಆಗಿತ್ತು. ಒಂದು ಕೂರಿಗೆಗೆ ಸುಮಾರು 4 ಎಕರೆ ಎಂದು ಹಿಡಿಯುವುದು ರೂಢಿ. ಊರಿಂದೂರಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದೀತು. ಸರಪಳಿ ಹಿಡಿದು ಬಂದ ಮೋಜಣಿಯವರು ಎಕರೆ, ಗುಂಟೆ ಎಂದು ಬರೆದುಕೊಂಡು ಹೋದರು. ರೈತನು ಮಾತ್ರ ತನ್ನ ಹೊಲವನ್ನು ಎತ್ತಿನಿಂದಲೇ ಅಳೆದ.

ಈ ಅಳತೆಯಲ್ಲಿ ಒಂದು ತಿಳಿವಳಿಕೆ ಇದೆ. ಹೊಲ ಎಷ್ಟಿದೆ ಎಂಬುದಕ್ಕಿಂತ ಅದನ್ನು ಬಿತ್ತುವ ಶಕ್ತಿ ಎಷ್ಟಿದೆ ಎಂಬುದೇ ಹಿಂದಿನವರ ಲೆಕ್ಕ. ದನದ ಉಪಯೋಗ ಎಂದೊಡನೆ ಶಾಲೆಯ ಪ್ರಬಂಧದ ಹಾಗೆ ಹಾಲು, ಮೊಸರು, ಬೆಣ್ಣೆ, ಗೊಬ್ಬರ ಎಂದು ಎಣಿಸುತ್ತ ಹೋಗಬಹುದು. ಇಂದು ನಾನು ಆ ದಾರಿ ಹಿಡಿಯುವುದಿಲ್ಲ. ನಮ್ಮ ಎರಿಭೂಮಿಯ ಸೀಮೆಯಲ್ಲಿ ಹಾಲಿಗೆ ಎಮ್ಮೆ ಇತ್ತು. ಆಕಳನ್ನು ಸಾಕಿದ್ದು ಮುಖ್ಯವಾಗಿ ಹೋರಿಗರುವಿನ ಆಸೆಗೆ. ಮನೆಯ ಮುಂದೆ ಜೋಡೆತ್ತು ಕಟ್ಟಿದವನು ರೈತ. ಅವು ಇಲ್ಲದವನು, ಹೊಲ ಇದ್ದರೂ, ಅರ್ಧ ಕೂಲಿಯವನು. ಈ ಒಂದು ಮಾತನ್ನೇ ಇಂದು ಸ್ವಲ್ಪ ಬಿಡಿಸಿ ನೋಡೋಣ.

ಎರಿಭೂಮಿಯ ಸ್ವಭಾವ ನಿಮಗೆ ಹೊಸದಲ್ಲ. ಹಸಿ ಇದ್ದಾಗ ಕಾಲಿಗೆ ಅಂಟಿ ಹೆಜ್ಜೆ ಎತ್ತಗೊಡುವುದಿಲ್ಲ. ಒಣಗಿತೆಂದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ಇವೆರಡರ ನಡುವೆ ಕೆಲವೇ ದಿನ ಹದ ಇರುತ್ತದೆ. ಹಿಂಗಾರಿ ಜೋಳ ಬಿತ್ತುವುದು ಉತ್ತರಿ, ಹಸ್ತ ಮಳೆಗಳ ಕಾಲಕ್ಕೆ, ಅಂದರೆ ಸಪ್ಟೆಂಬರ ಮಧ್ಯದಿಂದ ಅಕ್ಟೋಬರ ಮಧ್ಯದವರೆಗೆ. ಮುಂದೆ ಮಳೆಯನ್ನು ನಂಬುವ ಹಾಗಿಲ್ಲ. ನೆಲದಲ್ಲಿ ಉಳಿದ ತೇವದ ಮೇಲೆಯೇ ಪೀಕು ಬರಬೇಕು. ಹೀಗಾಗಿ ಇಡೀ ಊರಿಗೆ ಒಂದೇ ವಾರದಲ್ಲಿ ಎತ್ತು ಬೇಕು. ತನ್ನ ಎತ್ತು ಇದ್ದವನು ಹದ ನೋಡಿ ಕೂರಿಗೆ ಹೂಡುತ್ತಾನೆ. ಬಾಡಿಗೆ ಎತ್ತು ನಂಬಿದವನು ಎತ್ತಿನ ಒಡೆಯನ ಬಿತ್ತಿಗೆ ಮುಗಿಯುವವರೆಗೆ ಬದುವಿನ ಮೇಲೆ ಕೂತು ನೆಲ ಒಣಗುವುದನ್ನು ನೋಡಬೇಕು. ಎಂಟು ದಿನ ತಡವಾದ ಹೊಲದ ತೆನೆ ಹೇಗಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇಂಥ ಅವಸರದ ಕೆಲಸಕ್ಕೆ ತಕ್ಕ ದನ ಖಿಲಾರಿ. ಬೂದು ಬಿಳುಪಿನ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬು, ಗಟ್ಟಿ ಗೊರಸು, ಚುರುಕು ನಡೆ. ಮರಾಠಿಯಲ್ಲಿ ಖಿಲ್ಲಾರ ಎಂದರೆ ದನದ ಹಿಂಡು. ಸೊಲ್ಲಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳ ಒಣ ಸೀಮೆ ಇದರ ತವರು. ನಮ್ಮ ವಿಜಾಪುರದ ಕಡೆಗೂ ಇದೇ ತಳಿ. ಪಶುತಜ್ಞರು ಇದನ್ನು ಹಳ್ಳಿಕಾರ, ಅಮೃತಮಹಲ್ ತಳಿಗಳ ಜೊತೆಗೆ ಮೈಸೂರು ಬಗೆಯ ದನಗಳಲ್ಲಿ ಸೇರಿಸಿದ್ದಾರೆ. ಅಂದರೆ ರಾಜ್ಯದ ಗಡಿ ಎಳೆಯುವಾಗ ಜನ ಒಂದಷ್ಟು ಆ ಕಡೆ, ಒಂದಷ್ಟು ಈ ಕಡೆ ಆದರೂ ಎತ್ತಿನ ಬಳಗ ಒಂದೇ. ಜತ್ತದ ರೈತನು ಮರಾಠಿಯಲ್ಲಿ ಚೌಕಾಶಿ ಮಾಡಿ ಕೊಂಡ ಎತ್ತಿಗೆ ಮನೆಗೆ ಬಂದ ಮೇಲೆ ಕನ್ನಡದಲ್ಲಿ ಹೆಸರಿಡುವುದು ಇಲ್ಲಿಯ ರೀತಿ.

ಕೂರಿಗೆಯಲ್ಲಿ ಎತ್ತಿನ ಹಿಂದೆ ಹೆಣ್ಣುಮಗಳ ಕೈಯೂ ಇದೆ ಎಂಬುದನ್ನು ಮರೆಯಬಾರದು. ಮರದ ದಿಂಡಿಗೆ ಎರಡೋ ಮೂರೋ ತಾಳು, ಪ್ರತಿ ತಾಳಿಗೆ ಒಂದು ಬಿದಿರು ಕೊಳವೆ, ಕೊಳವೆಗಳೆಲ್ಲ ಮೇಲೆ ಕೂಡುವಲ್ಲಿ ಒಂದು ಮರದ ಬಟ್ಟಲು. ಗಂಡಸು ಎತ್ತು ಹೊಡೆದರೆ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡಬೇಕು. ಮುಷ್ಟಿ ಸಡಿಲಾದರೆ ಬೀಜ ದಟ್ಟ, ಬಿಗಿಯಾದರೆ ಸಾಲು ಖಾಲಿ. ಎತ್ತಿನ ನಡಿಗೆ ಸಮ ಇದ್ದರಷ್ಟೇ ಆ ಕೈ ಸಮ ಬೀಳಲು ಸಾಧ್ಯ. 1790ರ ದಶಕದಲ್ಲಿ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣದ ಕೂರಿಗೆಯನ್ನು ಕಂಡು ಅದರ ವಿಷಯ ಇಂಗ್ಲೆಂಡಿಗೆ ಬರೆದು ಕಳಿಸಿದ್ದುಂಟು. ಸಾಲು ಬಿತ್ತನೆ ತಮ್ಮ ಯುರೋಪಿನದೇ ವಿದ್ಯೆ ಎಂದು ಆವರೆಗೆ ತಿಳಿದಿದ್ದವನು ಆತ.

ಎತ್ತು ಹೊಲವನ್ನು ಸಾಕಿದರೆ ಹೊಲ ಎತ್ತನ್ನು ಸಾಕಬೇಕು. ಜೋಳದ ಕಾಳು ನಮಗೆ, ಕಣಿಕೆ ಎತ್ತಿಗೆ. ಈ ಕಣಿಕೆಗೇ ನೀವು ಮರಾಠಿಯಲ್ಲಿ ಕಡಬಾ ಅನ್ನುತ್ತೀರಿ. ಮನೆಯ ಅನುಕೂಲವನ್ನು ಹಗೇವಿನ ಕಾಳಿನಿಂದ ನೋಡುವಂತೆ ಹಿತ್ತಲಿನ ಬಣವಿಯಿಂದಲೂ ನೋಡುತ್ತಿದ್ದರು. ಕನ್ಯೆ ಕೊಡುವವರು ಮೊದಲು ನೋಡಿದ್ದು ಬಣವಿಯನ್ನೇ ಎಂದು ಹೇಳುವ ಮುದುಕರಿದ್ದಾರೆ. ನಮ್ಮ ಕಡೆಯ ಮಾಲದಂಡಿ ಜೋಳಕ್ಕೆ ಎತ್ತರದ ದಂಟು, ದುಂಡು ಕಾಳು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಇದರಿಂದಲೇ ಆರಿಸಿ ತೆಗೆದದ್ದು ಎಂ 35-1 ಎಂಬ ತಳಿ. 1964ರಲ್ಲಿ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಬಂತು. ಕಾಳು ಹೆಚ್ಚು, ಆದರೆ ದಂಟು ಗಿಡ್ಡ. ಹಿಂಗಾರಿ ಸೀಮೆಯ ರೈತರು ಮಾಲದಂಡಿಯನ್ನು ಬಿಡಲಿಲ್ಲ. ಬೇರೆ ಕಾರಣಗಳೂ ಇದ್ದವು: ಸುಳಿನೊಣದ ಕಾಟ, ರೊಟ್ಟಿಯ ರುಚಿ. ಆದರೆ ಎತ್ತಿನ ಹೊಟ್ಟೆ ದೊಡ್ಡ ಕಾರಣ. ಹೊಸ ಬೀಜ ಒಪ್ಪದ ರೈತನನ್ನು ಹಳೆಯ ಕಂದಾಚಾರದವನು ಎಂದು ಬೈದವರು ಅವನ ಕೊಟ್ಟಿಗೆಯ ಕಡೆಗೆ ನೋಡಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಎರಿಭೂಮಿಯನ್ನು ವರ್ಷ ವರ್ಷ ಆಳವಾಗಿ ನೇಗಿಲು ಹೊಡೆಯುವ ಪದ್ಧತಿ ಇರಲಿಲ್ಲ. ಕುಂಟೆ ಹೊಡೆದು ಬಿತ್ತುವುದೇ ಹೆಚ್ಚು. ಕರಿಕೆ ಬೇರು ಬಿಟ್ಟು ಹೊಲ ಕೆಟ್ಟಾಗ ಮಾತ್ರ ದೊಡ್ಡ ನೇಗಿಲು ಹೂಡಬೇಕಾಗುತ್ತಿತ್ತು. ಅದಕ್ಕೆ ಆರು, ಎಂಟು ಎತ್ತು ಬೇಕು. ನಾಲ್ಕು ಜೋಡಿ ಎತ್ತು ಯಾರ ಮನೆಯಲ್ಲಿರುತ್ತವೆ? ನಾಲ್ಕು ಮನೆಯವರು ಕೂಡಬೇಕು. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ, ಇದು ಮುಯ್ಯಿ. ಊರವರೆಲ್ಲ ಎತ್ತು ತಂದು ಒಬ್ಬನ ಹೊಲ ನೇಗಿಲು ಹೊಡೆದು, ಅವನ ಮನೆಯಲ್ಲಿ ಉಂಡು ಹೋಗುವುದಕ್ಕೆ ಮರಾಠಿಯಲ್ಲಿ ಇರ್ಜಿಕ ಎಂದು ಹೆಸರು. ಒಂಟೆತ್ತಿನ ಇಬ್ಬರು ರೈತರು ಸೇರಿ ಜೋಡಿ ಮಾಡಿಕೊಂಡು ಬದುಕಿದ್ದೂ ಉಂಟು. ಆದರೆ ಮುಯ್ಯಿಗೆ ಮುಯ್ಯಿ ಕೊಡಬೇಕಾದರೆ ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ? ಒಂದೂ ಎತ್ತಿಲ್ಲದವನು ಕೊಡಬೇಕಾದದ್ದು ತನ್ನ ಮೈಯನ್ನು. ಎತ್ತಿನ ಒಂದು ದಿನಕ್ಕೆ ಆಳು ಎಷ್ಟು ದಿನ ದುಡಿಯಬೇಕು ಎಂಬ ಲೆಕ್ಕ ಎತ್ತಿನ ಒಡೆಯನ ಬಾಯಲ್ಲಿತ್ತು. ಹಳ್ಳಿಯ ಒಗ್ಗಟ್ಟನ್ನು ಹೊಗಳುವಾಗ ಇದನ್ನೂ ನೆನೆಯಬೇಕು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ ಅವರು ಮೊದಲು ಕಣಿಕೆ ಕತ್ತರಿಸುವ ಯಂತ್ರ, ಆಮೇಲೆ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಹೆದರಿ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಹೊಸ ನೇಗಿಲನ್ನು ಎಳೆದದ್ದೂ ಎತ್ತೇ.

ಇನ್ನು ಬಾವಿಯ ಕಡೆ ಬರೋಣ. ಕಪಿಲೆ ಎಂದು ಕನ್ನಡದಲ್ಲಿ, ಮೋಟ ಎಂದು ಮರಾಠಿಯಲ್ಲಿ ಕರೆಯುವ ತೊಗಲಿನ ಚೀಲವನ್ನು ಕಣ್ಣಾರೆ ಕಂಡವರು ಈಗ ವಿರಳ. ಬಾವಿಯ ದಂಡೆಯಿಂದ ಹೊರಕ್ಕೆ ಇಳಿಜಾರಿನ ದಾರಿ. ಚೀಲಕ್ಕೆ ಎರಡು ಹಗ್ಗ: ದಪ್ಪ ಹಗ್ಗ ಮೇಲಿನ ಗಾಲಿಯ ಮೇಲೆ, ತೆಳು ಹಗ್ಗ ಕೆಳಗಿನ ಉರುಳೆಯ ಮೇಲೆ. ಎತ್ತುಗಳು ಇಳಿಜಾರಿಗೆ ಇಳಿದಂತೆ ತುಂಬಿದ ಚೀಲ ಮೇಲೇರುತ್ತದೆ. ದಂಡೆಗೆ ಬಂದೊಡನೆ ತೆಳು ಹಗ್ಗ ಚೀಲದ ಸೊಂಡಿಲನ್ನು ಮುಂದಕ್ಕೆ ಎಳೆದು ನೀರು ದೋಣಿಗೆ ಸುರಿಯುತ್ತದೆ. ಆಮೇಲೆ ಎತ್ತು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಏರಬೇಕು. ಹಿಮ್ಮುಖವಾಗಿ ಏರುವುದನ್ನು ಎತ್ತಿಗೆ ಕಲಿಸುವುದು ಸಣ್ಣ ವಿದ್ಯೆಯಲ್ಲ. ಹೊಡೆಯುವವನು ಹಗ್ಗದ ಮೇಲೆ ಕುಳಿತು ಹಾಡು ಹೇಳುವುದು ಬರೀ ಬೇಸರ ಕಳೆಯಲಲ್ಲ; ಹಾಡಿನ ಏರಿಳಿತದಿಂದಲೇ ಎತ್ತಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ತಿಳಿಯುತ್ತಿತ್ತು. ಕಣದಲ್ಲಿ ಮೇಟಿಯ ಸುತ್ತ ಹಂತಿ ಹೊಡೆಯುವಾಗಿನ ಹಾಡಿಗೂ ಇದೇ ಕೆಲಸ.

ಆ ತೊಗಲಿನ ಚೀಲವೂ ದನದ್ದೇ. ಎತ್ತು ಸತ್ತ ಮೇಲೆ ಚೀಲವಾಯಿತು, ಬಾರುಕೋಲಾಯಿತು, ಕೆರವಾಯಿತು. ಸತ್ತ ದನವನ್ನು ಹೊತ್ತವರು ಯಾರು, ಹದ ಮಾಡಿದವರು ಯಾರು ಎಂದು ಕೇಳಿದರೆ ನಮ್ಮ ಹಳ್ಳಿಯ ಇತಿಹಾಸ ತಲೆ ತಗ್ಗಿಸುತ್ತದೆ. ಅದು ಜಾತಿಯ ಮೇಲೆ ಹೊರಿಸಿದ ಬಿಟ್ಟಿ ಕೆಲಸ. ತೊಗಲಿಲ್ಲದೆ ಬಾವಿಯ ನೀರು ಮೇಲೆ ಬರುತ್ತಿರಲಿಲ್ಲ. ತೊಗಲು ಹದ ಮಾಡಿದವನಿಗೆ ಅದೇ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಡಾ. ಅಂಬೇಡ್ಕರ್ ಅವರು ಕೆರೆಯ ನೀರಿನ ಹಕ್ಕಿನ ಜೊತೆಗೇ, ಸತ್ತ ದನದ ಮಾಂಸವನ್ನು ಬಿಡಿ ಎಂದು ತಮ್ಮವರಿಗೆ ಹೇಳಿದ್ದು ಸುಮ್ಮನೆ ಅಲ್ಲ.

ಎತ್ತಿನ ಬೆಲೆ ಬರದಲ್ಲಿ ಗೊತ್ತಾಗುತ್ತದೆ. 1876ರಲ್ಲಿ ಮಳೆ ಹೋಯಿತು. 1876–78ರ ಆ ಬರ ಸೊಲ್ಲಾಪುರ, ಆಗ ಕಲಾದಗಿ ಜಿಲ್ಲೆ ಎನ್ನಿಸಿಕೊಂಡಿದ್ದ ವಿಜಾಪುರ, ಬಳ್ಳಾರಿ ಸೀಮೆಗಳನ್ನು ಬಡಿದುಹಾಕಿತು. ಜತ್ತದಲ್ಲಿ ಡಫಳೆಯವರ ಸಂಸ್ಥಾನ, ಅಕ್ಕಲಕೋಟದಲ್ಲಿ ಭೋಸಲೆಯವರ ಸಂಸ್ಥಾನ, ಸೊಲ್ಲಾಪುರದಲ್ಲಿ ಕಂಪನಿಯ ನಂತರದ ಬ್ರಿಟಿಷ್ ಸರಕಾರ. ದರಬಾರು ಬೇರೆ ಬೇರೆ, ಬರ ಒಂದೇ. ಮನುಷ್ಯ ಕಾಲ್ನಡಿಗೆಯಲ್ಲಿ ಗುಳೆ ಹೋಗಿ ಜೀವ ಉಳಿಸಿಕೊಂಡಾನು; ಮೇವಿಲ್ಲದ ಎತ್ತು ನಿಂತಲ್ಲೇ ಕುಸಿಯುತ್ತದೆ. ಮಳೆ ಮರಳಿ ಬಂದ ಮೇಲೂ ಎತ್ತು ಸತ್ತ ಮನೆಗೆ ಬರ ಮುಗಿಯಲಿಲ್ಲ. ಹೊಲ ಇದೆ, ಹದ ಇದೆ, ಹೂಡಲು ಏನೂ ಇಲ್ಲ. ಹೊಸ ಜೋಡಿಗೆ ಸಾವುಕಾರನ ಬಾಗಿಲಿಗೆ ಹೋಗಬೇಕು. ಸಾವುಕಾರನು ಹೊಲದ ಕಾಗದ ಕೇಳುತ್ತಾನೆ.

ಸರಕಾರಕ್ಕೂ ಇದು ಅರ್ಥವಾಯಿತು, ತಡವಾಗಿ. ಸಾಲದ ಹೊರೆಯ ರೈತರಿಗಾಗಿ 1879ರಲ್ಲಿ ದಖ್ಖನ ಕೃಷಿಕರ ಪರಿಹಾರ ಕಾಯಿದೆ ಬಂತು. ಸೊಲ್ಲಾಪುರ ಜಿಲ್ಲೆಯೂ ಅದರಲ್ಲಿತ್ತು. 1884ರ ಕೃಷಿಕರ ಸಾಲದ ಕಾಯಿದೆ ಬೀಜಕ್ಕೂ ದನಕ್ಕೂ ಸರಕಾರಿ ಸಾಲ ಕೊಡಬಹುದೆಂದು ಹೇಳಿತು. ಹಿರಿಯರ ಬಾಯಲ್ಲಿ ಕೇಳಿದ 'ತಗಾವಿ' ಇದೇ. 1908ರ ದಿವಾಣಿ ವ್ಯವಹಾರ ಸಂಹಿತೆಯ 60ನೆಯ ಕಲಮನ್ನು ನೀವು ಇಂದಿಗೂ ತೆಗೆದು ನೋಡಬಹುದು: ಸಾಲಗಾರ ರೈತನಾಗಿದ್ದರೆ ಅವನ ಬೇಸಾಯದ ಸಾಮಾನು, ಜೀವನೋಪಾಯಕ್ಕೆ ಬೇಕೆಂದು ಕೋರ್ಟಿಗೆ ಕಂಡಷ್ಟು ದನ ಮತ್ತು ಬೀಜದ ಕಾಳನ್ನು ಜಪ್ತಿ ಮಾಡುವಂತಿಲ್ಲ. ಮನೆಯ ತಾಮ್ರದ ಹಂಡೆ ಹೋದೀತು, ಜೋಡೆತ್ತು ಹೋಗಬಾರದು. ಕೂರಿಗೆಯ ಲೆಕ್ಕವನ್ನೇ ಕೋರ್ಟು ತನ್ನ ಭಾಷೆಯಲ್ಲಿ ಬರೆದುಕೊಂಡಿತು.

1972ರ ಬರ ನಿಮ್ಮಲ್ಲಿ ಹಲವರಿಗೆ ನೆನಪಿದೆ. ಖಡಿ ಒಡೆಯುವ ಕೆಲಸಕ್ಕೆ ಹೋದವರಲ್ಲಿ ಎತ್ತು ಮಾರಿದ ರೈತರು ಎಷ್ಟೋ ಜನ. ಮತ್ತೆ ಜೋಡಿ ಕಟ್ಟದೆ ಕೂಲಿಯಲ್ಲೇ ಉಳಿದ ಮನೆಗಳನ್ನು ನಿಮ್ಮ ಊರಲ್ಲೇ ಎಣಿಸಬಹುದು. 2012–13ರ ಬರದಲ್ಲಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳಲ್ಲಿ ದನಗಳಿಗೆ ಮೇವಿನ ಛಾವಣಿ ತೆರೆದಾಗ ಮನೆಯ ಒಬ್ಬರು ದನದೊಂದಿಗೆ ಅಲ್ಲೇ ಬೀಡುಬಿಟ್ಟಿದ್ದರು. ಆದರೆ ಆ ಹೊತ್ತಿಗೆ ಎತ್ತಿನ ಕಾಲ ಇಳಿಮುಖವಾಗಿತ್ತು. ದೇಶದ ಜಾನುವಾರು ಗಣತಿಯಲ್ಲಿ ಗಂಡು ದನ 2012ರಲ್ಲಿ ಸುಮಾರು 6.79 ಕೋಟಿ, 2019ರಲ್ಲಿ ಸುಮಾರು 4.74 ಕೋಟಿ. ಟ್ರ್ಯಾಕ್ಟರು ಒಂದು ಕಾರಣ, ಮೇವಿನ ಬೆಲೆ ಇನ್ನೊಂದು. ಮುದಿ ಎತ್ತು ಮಾರಿದ ಹಣಕ್ಕೆ ಸ್ವಲ್ಪ ಸೇರಿಸಿ ಹೋರಿ ಕೊಳ್ಳುವುದು ಹಳೆಯ ಕ್ರಮ. ಮಹಾರಾಷ್ಟ್ರದಲ್ಲಿ 2015ರ ಕಾಯಿದೆ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದ ಮೇಲೆ ಆ ಹಣದ ದಾರಿ ಮುಚ್ಚಿತು. ಕಾಯಿದೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಎತ್ತಿಗೆ ಮೇವು ಹಾಕುವವನು ರೈತನೇ.

ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಇನ್ನೂ ಬೀಳುತ್ತದೆ, ಬೆಂದೂರದ ಮೆರವಣಿಗೆ ಇನ್ನೂ ಹೊರಡುತ್ತದೆ. ಖಿಲಾರಿಯನ್ನು ಉಳಿಸಿದ್ದು ಈಗ ಹೆಚ್ಚಾಗಿ ಶರ್ಯತ್ತು. 2014ರಲ್ಲಿ ಸುಪ್ರೀಂ ಕೋರ್ಟು ಬಂಡಿ ಓಟ ನಿಲ್ಲಿಸಿತ್ತು, 2021ರ ಡಿಸೆಂಬರಿನಲ್ಲಿ ಮತ್ತೆ ಬಿಟ್ಟಿತು, 2023ರಲ್ಲಿ ರಾಜ್ಯದ ಕಾಯಿದೆಯನ್ನು ಎತ್ತಿಹಿಡಿಯಿತು. ದನದ ಜಾತ್ರೆಯಲ್ಲಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವುದು, ಬಾಯಿ ತೆರೆಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ನೋಡುವುದು ಹಾಗೆಯೇ ಇದೆ. ಕೇಳುವ ಪ್ರಶ್ನೆ ಬದಲಾಗಿದೆ. ಹಿಂದೆ, "ಗಳೇಕ್ಕ ಹ್ಯಾಂಗೈತಿ?" ಎಂದು ಕೇಳುತ್ತಿದ್ದರು. ಈಗ, "ಓಟಕ್ಕ ಹ್ಯಾಂಗೈತಿ?" ಎನ್ನುತ್ತಾರೆ.

ಬಿತ್ತಿಗೆ ಈಗ ಬಾಡಿಗೆ ಟ್ರ್ಯಾಕ್ಟರಿನದು. ಹಸ್ತದ ಮಳೆ ನಿಂತು ನೆಲ ಹದಕ್ಕೆ ಬಂದ ದಿನ ಟ್ರ್ಯಾಕ್ಟರಿನವನ ಮನೆಯ ಮುಂದೆ ಊರೇ ನೆರೆಯುತ್ತದೆ. ಹತ್ತು ಕೂರಿಗೆಯವನ ಹೊಲ ಮೊದಲು ಬಿತ್ತಿಯಾಗುತ್ತದೆ. ಎರಡು ಕೂರಿಗೆಯವನು ತನ್ನ ಪಾಳಿ ಬರುವವರೆಗೆ ಬದುವಿನ ಮೇಲೆ ಕೂತಿರುತ್ತಾನೆ.