ಮಿಷನ್ ಆಸ್ಪತ್ರೆಯ ಹಳೇ ರಿಜಿಸ್ಟರುಗಳು

ಕೊಡಗಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮನೆಯವರ ಮೊದಲ ಮಾತೇ "ಮೈಸೂರಿಗೆ ಕರ್ಕೊಂಡು ಹೋಗೋಣ" ಅಂತ. ಆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇದೆಯಲ್ಲ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅದರ ಒಂದು ಕಥೆ ನನಗೆ ಬಹಳ ಇಷ್ಟ.

1934ರಿಂದ ಅಲ್ಲಿನ ಹೆರಿಗೆ ವಾರ್ಡಿನ ದಾಖಲೆಗಳು ಉಳಿದುಕೊಂಡಿವೆ. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ... ಬರೆದವರಿಗೆ ಇದು ದಿನನಿತ್ಯದ ಕೆಲಸ, ಅಷ್ಟೇ.

ಅತ್ತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬಾರ್ಕರ್ ಹರ್ಟ್‌ಫರ್ಡ್‌ಶೈರ್‌ನ ಇಂಥದೇ ಹಳೇ ಪುಸ್ತಕಗಳನ್ನು ನೋಡಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಹೆಚ್ಚು ಅಂತ ಹೇಳಿದ್ದರು. ನಮ್ಮ ದೇಶದಲ್ಲೂ ಹಾಗೇನಾ? ನೋಡಬೇಕೆಂದರೆ ಐವತ್ತು ವರ್ಷ ಹಳೆಯ ಲೆಕ್ಕ ಬೇಕು. ಅದು ಮೈಸೂರಿನಲ್ಲಿತ್ತು! 1990ರ ದಶಕದಲ್ಲಿ ಕ್ಯಾರೊಲಿನ್ ಫಾಲ್ ಮತ್ತು ತಂಡದವರು ಇಲ್ಲಿನ ವೈದ್ಯರ ಜೊತೆ ಸೇರಿದರು. ಆಸ್ಪತ್ರೆಯ ಸುತ್ತ ಮನೆಮನೆ ತಿರುಗಿ, 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿದ 517 ಜನರನ್ನು ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ. 11, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3.

ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಇಂಗ್ಲೆಂಡಿನ ಹಾಗೆ ಬರಲಿಲ್ಲ. ಇಲ್ಲಿ ಗಿಡ್ಡಗೆ ದಪ್ಪಗೆ ಹುಟ್ಟಿದವರಿಗೆ, ತೂಕದ ತಾಯಂದಿರ ಮಕ್ಕಳಿಗೆ ಅದು ಹೆಚ್ಚು. ಹಾಗಾದರೆ ಬಸುರಿಯ ಸಕ್ಕರೆ ಮಗುವಿಗೆ ಏನು ಮಾಡುತ್ತೆ? ಈ ಪ್ರಶ್ನೆ ಹುಟ್ಟಿದ್ದು ಮೈಸೂರಿನ ಲೆಕ್ಕದಿಂದಲೇ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಜಿ. ವಿ. ಕೃಷ್ಣವೇಣಿಯಂಥ ಇಲ್ಲಿನ ಸಂಶೋಧಕರೇ ಆ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸಿದರು.

ನನಗೆ ಮುಖ್ಯ ಅನ್ನಿಸೋದು ಇದು. ಹೊರಗಿನ ವಿಶ್ವವಿದ್ಯಾಲಯ ಲೆಕ್ಕ ಹಾಕುವ ವಿದ್ಯೆ ತಂದಿತು, ಹಣದ ದಾರಿ ತೋರಿಸಿತು, ಜನರನ್ನು ತರಬೇತು ಮಾಡಿತು. ಅದೆಲ್ಲ ದೊಡ್ಡದೇ. ಆದರೆ ಕಾಗದ ನಮ್ಮದು. ನೂರಾರು ನರ್ಸಮ್ಮಂದಿರು ತೂಕ ಸರಿಯಾಗಿ ನೋಡಿ ಬರೆಯದೇ ಹೋಗಿದ್ದರೆ ಸೌತಾಂಪ್ಟನ್ನಿನವರು ಬಂದು ಮಾಡೋದೇನಿತ್ತು?

ಮಡಿಕೇರಿಗೂ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಇನ್ನು ಎಲ್ಲದಕ್ಕೂ ಘಟ್ಟ ಇಳಿಯಬೇಕಿಲ್ಲ ಅಂತ ನಾವು ಖುಷಿಪಟ್ಟೆವು. ಸಂಶೋಧನೆಗೂ ಅದೇ ಮಾತು ಯಾಕಾಗಬಾರದು? ಎಸ್ಟೇಟಿನ ಲೈನ್ ಮನೆಗಳ ತಾಯಂದಿರು, ಯರವರ, ಜೇನುಕುರುಬರ ಹಾಡಿಯ ಮಕ್ಕಳು... ಇವರ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿದ್ದವರೇ ಕೇಳಬೇಕು.

ಅಷ್ಟರೊಳಗೆ ಒಂದು ಕೋರಿಕೆ. ನಿಮ್ಮೂರಿನ ಆಸ್ಪತ್ರೆಯ ಬೀರುವಿನಲ್ಲಿ ಹಳೇ ಹೆರಿಗೆ ಪುಸ್ತಕಗಳಿದ್ದರೆ ಗುಜರಿಗೆ ಹಾಕಲು ಬಿಡಬೇಡಿ. ಕಕ್ಕಡದ ಮಳೆಗೆ ಬೂಷ್ಟು ಹಿಡಿಯುವ ಮೊದಲು ಯಾರಾದರೂ ಫೋಟೋ ಹೊಡೆದಿಟ್ಟರೂ ಸಾಕು. ನೀವು ಎಲ್ಲಾದರೂ ನೋಡಿದ್ದೀರಾ?